ಹಡಗು ಬಾರದ ಊರಿನ ಭಾನುವಾರಗಳು

ಮತಾಂತರ ಮಾಡಲು ಅಲ್ಲಿ ಯಾರೂ ಇರಲಿಲ್ಲ. ಊರಿಗೆ ಊರೇ ಕ್ರೈಸ್ತರು. ಆದರೂ ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವಿನ ಟ್ರಿಸ್ಟನ್ ಡ ಕುನ್ಹ ದ್ವೀಪಕ್ಕೆ ಒಬ್ಬರಾದ ಮೇಲೊಬ್ಬರು ಮಿಷನರಿಗಳು ಹೋದರು. ಪಾಠ ಹೇಳಿದರು, ರೋಗಿಗಳ ಪಕ್ಕ ಕುಳಿತರು, ಹಡಗಿಗಾಗಿ ಕಾದರು. ಅವರ ದಿನಚರಿಯ ಜೊತೆಗೆ, ಅವರಿಲ್ಲದ ವರ್ಷಗಳಲ್ಲೂ ಪ್ರಾರ್ಥನೆಯನ್ನು ಕೈಬಿಡದ ಒಂದು ಪುಟ್ಟ ಸಭೆಯ ಕಥೆ ಇಲ್ಲಿದೆ.

‘ಸೇಲ್ ಹೋ’ ಎಂಬ ಕೂಗು ಕೇಳಿಸಿದರೆ ಸಾಕು, ಊರಿನ ಕೆಲಸವೆಲ್ಲ ನಿಂತುಬಿಡುತ್ತಿತ್ತು. ಆಲೂಗಡ್ಡೆ ಅಗೆಯುತ್ತಿದ್ದವರು ಗುದ್ದಲಿ ಬಿಟ್ಟು, ಉಣ್ಣೆ ನೂಲುತ್ತಿದ್ದವರು ರಾಟೆ ಬಿಟ್ಟು ಕಡಲ ಕಡೆ ನಡೆಯುತ್ತಿದ್ದರು. ಗಂಡಸರು ದೋಣಿಯನ್ನು ನೀರಿಗಿಳಿಸಿ, ದೂರದಲ್ಲಿ ಹಾಯುವ ಹಡಗಿನ ದಾರಿಗೆ ಅಡ್ಡವಾಗಿ ಹುಟ್ಟು ಹಾಕುತ್ತಿದ್ದರು. ಹಡಗು ನಿಂತರೂ ನಿಂತೀತು, ಕಂಡೂ ಕಾಣದಂತೆ ಹೋದರೂ ಹೋದೀತು. ಅದೇ ಹೊತ್ತಿಗೆ ಪಾದ್ರಿಯ ಮನೆಯಲ್ಲಿ ಇನ್ನೊಂದು ಧಾವಂತ. ತಿಂಗಳುಗಟ್ಟಲೆ ಬರೆದಿಟ್ಟ ಕಾಗದಗಳನ್ನು ಮಡಚಿ, ಲಕೋಟೆಗೆ ಹಾಕಿ, ದೋಣಿ ಹೊರಡುವುದರೊಳಗೆ ಯಾರ ಕೈಗಾದರೂ ತಲುಪಿಸಬೇಕು. ಈ ದೋಣಿ ತಪ್ಪಿದರೆ ಮುಂದಿನ ಟಪಾಲು ಯಾವಾಗ ಎಂದು ಹೇಳಬಲ್ಲವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಕ್ಯಾಥರೀನ್ ಬಾರೋ ಅವರ ಕಾಗದಗಳು ಹೀಗೆ ಹೊರಟವು. 1906ರ ಏಪ್ರಿಲ್‌ನಲ್ಲಿ ಪತಿ ರೆವರೆಂಡ್ ಗ್ರಹಾಂ ಬಾರೋ ಅವರೊಡನೆ ಆಕೆ ಟ್ರಿಸ್ಟನ್‌ನಲ್ಲಿ ಇಳಿದರು. ಆಗ ಅಲ್ಲಿದ್ದವರು ಮಕ್ಕಳು ಮುದುಕರು ಸೇರಿ ಎಪ್ಪತ್ತು ಚಿಲ್ಲರೆ ಜನ. ಮೂರು ವರ್ಷದ ಆ ಬಾಳುವೆಯನ್ನು ಆಕೆ ‘ಥ್ರೀ ಇಯರ್ಸ್ ಇನ್ ಟ್ರಿಸ್ಟನ್ ಡ ಕುನ್ಹ’ ಎಂಬ ಪುಸ್ತಕವಾಗಿ 1910ರಲ್ಲಿ ಹೊರತಂದರು. ಧರ್ಮಪ್ರಸಾರದ ಸಾಹಸಗಳನ್ನು ಹುಡುಕಿಕೊಂಡು ಹೋದವರಿಗೆ ಅದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಅಲ್ಲಿರುವುದು ಗಾಳಿ, ಆಲೂಗಡ್ಡೆ, ಹಾಲು, ಸ್ಲೇಟು, ಕಾಯಿಲೆ, ಪ್ರಾರ್ಥನೆ ಮತ್ತು ಕಾಯುವಿಕೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ನಮ್ಮ ನಾಡಿನಲ್ಲಿ ಮಿಷನರಿ ಎಂದೊಡನೆ ಕಣ್ಣಮುಂದೆ ಬರುವುದು ದೊಡ್ಡ ದೊಡ್ಡ ಕೆಲಸಗಳು: 1843ರ ‘ಮಂಗಳೂರು ಸಮಾಚಾರ’, 1894ರ ಕಿಟೆಲ್ ನಿಘಂಟು, ಬಾಸೆಲ್ ಮಿಷನ್ನಿನ ಅಚ್ಚುಕೂಟ, ಹೆಂಚಿನ ಕಾರ್ಖಾನೆ. ಟ್ರಿಸ್ಟನ್‌ಗೆ ಹೋದವರು ಇಂಥದ್ದನ್ನೇನೂ ಬಿಟ್ಟುಹೋಗಲಿಲ್ಲ. ಅವರು ಮಾಡಿದ ಮುಖ್ಯ ಕೆಲಸವೆಂದರೆ ಅಲ್ಲಿ ಇದ್ದದ್ದು.

ಸೈನಿಕನೊಬ್ಬ ಕಟ್ಟಿದ ಊರು

ಕೇಪ್‌ಟೌನಿನಿಂದ ಸುಮಾರು 2,800 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ಹಾರುವ ದೂರದ ಒಂದೂವರೆ ಪಟ್ಟಿಗೂ ಹೆಚ್ಚು, ಅದೂ ಬರೀ ನೀರಿನ ಮೇಲೆ. ಜನವಸತಿ ಇರುವ ಹತ್ತಿರದ ನೆಲವೆಂದರೆ ಸೇಂಟ್ ಹೆಲೆನಾ. ಅದೇ 2,400 ಕಿಲೋಮೀಟರ್ ಆಚೆ. ದ್ವೀಪದ ಒಟ್ಟು ವಿಸ್ತೀರ್ಣ 98 ಚದರ ಕಿಲೋಮೀಟರ್. ಅದರ ಬಹುಪಾಲನ್ನು ಎರಡು ಸಾವಿರ ಮೀಟರಿಗೂ ಎತ್ತರದ ಜ್ವಾಲಾಮುಖಿ ಪರ್ವತವೊಂದೇ ನುಂಗಿದೆ. ಸುತ್ತ ಕಡಿದಾದ ಬಂಡೆ. ವಾಯವ್ಯಕ್ಕೆ ಒಂದಿಷ್ಟು ಚಪ್ಪಟೆ ನೆಲ; ಅಲ್ಲಿಯೇ ಊರು.

1815ರಲ್ಲಿ ನೆಪೋಲಿಯನ್‌ನನ್ನು ಸೇಂಟ್ ಹೆಲೆನಾದಲ್ಲಿ ಸೆರೆಯಿಟ್ಟ ಬ್ರಿಟಿಷರು, ಯಾರಾದರೂ ಈ ಕಡೆಯಿಂದ ಬಂದು ಅವನನ್ನು ಬಿಡಿಸಿಕೊಂಡು ಹೋದಾರೆಂಬ ಅಂಜಿಕೆಯಿಂದ 1816ರಲ್ಲಿ ಟ್ರಿಸ್ಟನ್‌ಗೆ ಸೈನ್ಯದ ತುಕಡಿ ಕಳಿಸಿದರು. ಮರುವರ್ಷ ತುಕಡಿ ಹಿಂದಿರುಗಿದಾಗ ವಿಲಿಯಂ ಗ್ಲಾಸ್ ಎಂಬ ಸ್ಕಾಟ್ಲೆಂಡಿನ ಕಾರ್ಪೊರಲ್ ಹೆಂಡತಿ ಮಕ್ಕಳೊಡನೆ ಅಲ್ಲಿಯೇ ಉಳಿದ. ಜೊತೆಗೆ ಉಳಿದವರು ಇಬ್ಬರು ಕಲ್ಲುಕುಟಿಗರು. ಎಲ್ಲರಿಗೂ ಸಮಪಾಲು, ಯಾರೂ ಯಾರಿಗಿಂತಲೂ ಮೇಲಲ್ಲ ಎಂದು ಅವರು ಒಪ್ಪಂದ ಬರೆದುಕೊಂಡರು. ಆಮೇಲೆ ಹಡಗು ಒಡೆದು ಬಂದವರು, ತಿಮಿಂಗಿಲ ಬೇಟೆಯ ಹಡಗು ಬಿಟ್ಟು ಇಳಿದವರು, 1827ರಲ್ಲಿ ಸೇಂಟ್ ಹೆಲೆನಾದಿಂದ ಮದುವೆಯಾಗಲು ಬಂದ ಐವರು ಹೆಂಗಸರು, ಹೀಗೆ ಊರು ಬೆಳೆಯಿತು.

ಅಲ್ಲಿ ಪಾದ್ರಿ ಇರಲಿಲ್ಲ. ಭಾನುವಾರ ಗ್ಲಾಸನೇ ಪ್ರಾರ್ಥನೆ ಓದುತ್ತಿದ್ದ. 1824ರಲ್ಲಿ ಅಗಸ್ಟಸ್ ಅರ್ಲ್ ಎಂಬ ಚಿತ್ರಕಾರ, ಭಾರತಕ್ಕೆಂದು ಹೊರಟವನು, ತನ್ನ ನಾಯಿಯೊಡನೆ ದ್ವೀಪ ನೋಡಲು ಇಳಿದ. ಬಿರುಗಾಳಿ ಎದ್ದು ಹಡಗು ಅವನನ್ನು ಬಿಟ್ಟೇ ಹೋಯಿತು. ಎಂಟು ತಿಂಗಳು ಅಲ್ಲಿದ್ದು ಅವನು ಮಕ್ಕಳಿಗೆ ಅಕ್ಷರ ಕಲಿಸಿದ, ಭಾನುವಾರದ ಆರಾಧನೆಯಲ್ಲಿ ಕೈಜೋಡಿಸಿದ. ದೀಕ್ಷೆ ಪಡೆದ ಮೊದಲ ಸಭಾಪಾಲಕ ರೆವರೆಂಡ್ ವಿಲಿಯಂ ಟೇಲರ್ ಬಂದದ್ದು 1851ರಲ್ಲಿ. ಅಷ್ಟರಲ್ಲಿ ಆ ಸಭೆಗೆ ಮೂವತ್ತು ದಾಟಿತ್ತು. ಸಭೆ ಮೊದಲು ಹುಟ್ಟಿತು, ಪಾದ್ರಿ ಆಮೇಲೆ ಬಂದರು. ಈ ಕ್ರಮವನ್ನು ನೆನಪಿಟ್ಟುಕೊಂಡರೆ ಟ್ರಿಸ್ಟನ್‌ನ ಮುಂದಿನ ಕಥೆ ಅರ್ಥವಾಗುತ್ತದೆ.

ಋಣದ ಎಳೆ

ಗ್ರಹಾಂ ಬಾರೋ ಅಲ್ಲಿಗೆ ಹೋದದ್ದರ ಹಿಂದೆ ಒಂದು ಹಳೆಯ ನಂಟಿತ್ತು, ಅದರ ಇನ್ನೊಂದು ತುದಿ ಮುಂಬಯಿಯ ಕಡೆಗಿತ್ತು. ಸೂಯೆಜ್ ಕಾಲುವೆ ತೆರೆಯುವ ಮೊದಲು ಯೂರೋಪಿನಿಂದ ಭಾರತಕ್ಕೆ ಬರುವ ಹಾಯಿಹಡಗುಗಳು ಆಫ್ರಿಕಾ ಖಂಡವನ್ನೇ ಸುತ್ತಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೊದಲ ಮೂವರೂ ಹೀಗೆ ಸುತ್ತಿಯೇ ಬಂದವರು. ಗಾಳಿಯ ದಿಕ್ಕನ್ನು ನಂಬಿದ ಹಡಗುಗಳು ಅಟ್ಲಾಂಟಿಕ್‌ನಲ್ಲಿ ಬಹಳ ಪಶ್ಚಿಮಕ್ಕೆ ಸರಿದು, ಟ್ರಿಸ್ಟನ್‌ನ ಆಸುಪಾಸಿನಲ್ಲಿ ಪೂರ್ವಕ್ಕೆ ತಿರುಗುತ್ತಿದ್ದವು. 1821ರ ಜುಲೈಯಲ್ಲಿ ಮುಂಬಯಿಗೆ ಹೊರಟಿದ್ದ ‘ಬ್ಲೆಂಡೆನ್ ಹಾಲ್’ ಹಡಗು ನೆರೆಯ ಇನಾಕ್ಸೆಸಿಬಲ್ ದ್ವೀಪಕ್ಕೆ ಬಡಿದು ಒಡೆಯಿತು. ಬದುಕಿದವರು ತಿಂಗಳುಗಳ ಕಾಲ ಆ ಬರಿನೆಲದಲ್ಲಿ ಕಡಲಹಕ್ಕಿ, ಸೀಲ್‌ಗಳನ್ನು ತಿಂದು ಜೀವ ಹಿಡಿದರು. ಒಡೆದ ಹಡಗಿನ ಮರದಲ್ಲೇ ದೋಣಿ ಕಟ್ಟಿಕೊಂಡು ಕೆಲವರು ಟ್ರಿಸ್ಟನ್ ತಲುಪಿದಾಗ ಗ್ಲಾಸ್ ಮತ್ತು ಜೊತೆಗಾರರು ಹೋಗಿ ಉಳಿದವರನ್ನು ಕರೆತಂದರು. ಆ ಪ್ರಯಾಣಿಕರಲ್ಲಿ ಒಂದು ಪುಟ್ಟ ಹೆಣ್ಣುಮಗು ಇತ್ತು. ಆ ಮಗುವೇ ಮುಂದೆ ಗ್ರಹಾಂ ಬಾರೋ ಅವರ ತಾಯಿ.

ಎಂಬತ್ತೈದು ವರ್ಷಗಳ ನಂತರ ಮಗ ಅದೇ ಜನರ ಮೊಮ್ಮಕ್ಕಳು ಮರಿಮಕ್ಕಳಿಗೆ ಪಾಠ ಹೇಳಲು ಹೋದ. ಇದಕ್ಕೆ ನಮ್ಮ ಮಾತಿನಲ್ಲಿ ಋಣ ಎನ್ನುತ್ತೇವೆ. ಅದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯುವುದಿಲ್ಲ.

ಒಂದೇ ಕೋಣೆ, ನಾಲ್ಕು ಕೆಲಸ

ಮನೆಗಳು ಕಲ್ಲಿನವು. ಅಲ್ಲಿಯ ಮೆದು ಜ್ವಾಲಾಮುಖಿ ಕಲ್ಲನ್ನು ಕೊಡಲಿಯಿಂದಲೇ ಕೆತ್ತಿ ಜೋಡಿಸಿದ ಗೋಡೆ. ಗಾಳಿಗೆ ಎದುರಾಗುವ ಕಡೆ ಬಲು ದಪ್ಪ. ಮೇಲೆ ಹುಲ್ಲಿನ ಹೊದಿಕೆ. ಒಳಗಿನ ಬಾಗಿಲು, ಹಲಗೆ, ತೊಲೆಗಳೆಲ್ಲ ಯಾವುದೋ ಕಾಲದಲ್ಲಿ ಒಡೆದುಬಿದ್ದ ಹಡಗುಗಳ ಮರ. ಒಂದೊಂದು ಮನೆಯಲ್ಲೂ ಒಂದೊಂದು ಹಡಗಿನ ನೆನಪು. ಬಾರೋ ದಂಪತಿಯ ಮನೆಯೂ ಅಂಥದ್ದೇ. ಆಗ ಪ್ರತ್ಯೇಕ ಚರ್ಚು ಕಟ್ಟಡವಿರಲಿಲ್ಲ. ಅವರ ಮನೆಯ ಕೋಣೆಯೇ ವಾರದ ದಿನ ಶಾಲೆ, ಭಾನುವಾರ ದೇವಾಲಯ, ಅಗತ್ಯ ಬಿದ್ದಾಗ ಔಷಧಾಲಯ, ಉಳಿದ ಹೊತ್ತು ಹಜಾರ.

ಬೆಳಗಿನಿಂದ ಶಾಲೆ. ಗಂಡ ಹೆಂಡತಿ ಇಬ್ಬರೂ ಕಲಿಸುತ್ತಿದ್ದರು. ಹಿಂದಿನ ಪಾದ್ರಿ ರೆವರೆಂಡ್ ಎಡ್ವಿನ್ ಡಾಡ್ಜ್‌ಸನ್ 1889ರಲ್ಲಿ ಹೋದ ಮೇಲೆ ಹದಿನೇಳು ವರ್ಷ ಅಲ್ಲಿ ಪಾದ್ರಿ ಇರಲಿಲ್ಲ. ಅಷ್ಟರಲ್ಲಿ ಮಕ್ಕಳು ದೊಡ್ಡವರಾಗಿ, ಅವರಿಗೇ ಮಕ್ಕಳಾಗುವ ಹೊತ್ತು ಬಂದಿತ್ತು. ಅಕ್ಷರ ಬಲ್ಲ ತಾಯಂದಿರು ತಮಗೆ ತಿಳಿದಷ್ಟನ್ನು ಹೇಳಿಕೊಟ್ಟಿದ್ದರು. ಆ ಎಳೆ ಹಿಡಿದೇ ಹೊಸಬರು ಮುಂದುವರಿಯಬೇಕಿತ್ತು. ಹವೆ ಚೆನ್ನಾಗಿದ್ದು ಕಡಲು ತಣ್ಣಗಿದ್ದ ದಿನ ದೊಡ್ಡ ಹುಡುಗರು ಶಾಲೆಗೆ ಬರುವಂತಿರಲಿಲ್ಲ. ಮೀನು ಹಿಡಿಯಲು ಅಂಥ ದಿನ ಮತ್ತೆ ಸಿಕ್ಕೀತೇ? ಆಲೂಗಡ್ಡೆ ಬಿತ್ತುವಾಗಲೂ ಕೀಳುವಾಗಲೂ ಅಷ್ಟೆ. ವೇಳಾಪಟ್ಟಿ ಬರೆಯುವ ಅಧಿಕಾರ ಆ ಊರಿನಲ್ಲಿ ಗಾಳಿಗೆ ಮಾತ್ರ ಇತ್ತು ಎಂಬುದನ್ನು ಅಲ್ಲಿಗೆ ಹೋದ ಪ್ರತಿ ಮಿಷನರಿಯೂ ಕೆಲವೇ ವಾರಗಳಲ್ಲಿ ಕಲಿಯಬೇಕಿತ್ತು.

ಊಟವೆಂದರೆ ಆಲೂಗಡ್ಡೆ, ಮೀನು, ಹಾಲು; ಕಾಲ ಬಂದಾಗ ಕಡಲಹಕ್ಕಿಯ ಮೊಟ್ಟೆ. ಗೋಧಿಹಿಟ್ಟು, ಸಕ್ಕರೆ, ಚಹಾ ಹಡಗಿನಿಂದ ಬಂದರುಂಟು, ಇಲ್ಲದಿದ್ದರಿಲ್ಲ. ಊರಿನಿಂದ ಸುಮಾರು ಮೂರು ಕಿಲೋಮೀಟರ್ ದೂರದ ‘ಪ್ಯಾಚಸ್’ ಎಂಬಲ್ಲಿ ಎಲ್ಲರ ಆಲೂಗಡ್ಡೆ ತೋಟ. ಗಾಳಿ ತಡೆಯಲು ಸುತ್ತ ಕಲ್ಲುಗೋಡೆ, ಸಾಗಾಟಕ್ಕೆ ಎತ್ತಿನ ಗಾಡಿ. 1882ರಲ್ಲಿ ದಡಕ್ಕೆ ಬಡಿದ ‘ಹೆನ್ರಿ ಬಿ. ಪಾಲ್’ ಹಡಗಿನಿಂದ ಇಳಿದ ಇಲಿಗಳು ಆ ತೋಟಗಳಿಗೇ ಶಾಪವಾದವು. ನಾಣ್ಯ ನೋಟು ಅಲ್ಲಿ ಚಲಾವಣೆಯಲ್ಲಿರಲಿಲ್ಲ, ಆಲೂಗಡ್ಡೆಯೇ ಲೆಕ್ಕದ ಹಣ. 1946ರಷ್ಟು ಈಚೆಗೆ ಅಲ್ಲಿ ಅಂಚೆಚೀಟಿಗಾಗಿ ಬೇಡಿಕೆ ಸಲ್ಲಿಸಿದಾಗ ಅಚ್ಚು ಹಾಕಿಸಿದ ಚೀಟಿಯ ಮೇಲೆ ಒಂದು ಪೆನ್ನಿ ನಾಣ್ಯಕ್ಕೆ ನಾಲ್ಕು ಆಲೂಗಡ್ಡೆ ಎಂಬ ಬೆಲೆಯನ್ನೂ ನಮೂದಿಸಿದ್ದರು.

ಇಂಥಲ್ಲಿ ಪಾದ್ರಿಗೆ ಸಂಬಳ ಕೊಡುವವರಾರು? ಹೊರಗಿನಿಂದ ಬರುವ ನೆರವು ತಂದ ಪೆಟ್ಟಿಗೆಗಳಲ್ಲಿರುತ್ತಿತ್ತು. ದಿನನಿತ್ಯದ ನೆರವು ಬಾಗಿಲಿಗೆ ಬರುತ್ತಿತ್ತು. ಒಬ್ಬರು ಹಾಲು ತಂದರೆ ಇನ್ನೊಬ್ಬರು ಮೀನು, ಮತ್ತೊಬ್ಬರು ನಾಲ್ಕು ಮೊಟ್ಟೆ. ಹಾಗೆ ತಂದವರ ಮನೆಯಲ್ಲೂ ಬುಟ್ಟಿ ತುಂಬಿ ತುಳುಕುತ್ತಿರಲಿಲ್ಲ. ಸೇವೆ ಮಾಡಲು ಬಂದವರನ್ನು ಸಾಕುತ್ತಿದ್ದವರು ಬಡವರು. ಈ ಮಾತನ್ನು ಮಿಷನ್ ಇತಿಹಾಸಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕಿತ್ತು.

ಹೆಂಗಸರ ಕೈ ಬಿಡುವಾಗಿರುತ್ತಿರಲಿಲ್ಲ. ಕುರಿಯ ಉಣ್ಣೆ ಹಿಂಜಿ, ನೂತು, ಕಾಲುಚೀಲ ಹೆಣೆಯುವುದು ನಿತ್ಯದ ಕೆಲಸ. ಹುಡುಗಿಯೊಬ್ಬಳು ಹುಡುಗನಿಗೆ ಹೆಣೆದುಕೊಟ್ಟ ಕಾಲುಚೀಲದ ಅಂಚಿನಲ್ಲಿ ಎಷ್ಟು ಬಣ್ಣದ ಪಟ್ಟಿಗಳಿವೆ ಎಂಬುದರ ಮೇಲೆ ಅವಳ ಮನಸ್ಸು ಎಷ್ಟೆಂದು ಊರೆಲ್ಲ ಓದಿಬಿಡುತ್ತಿತ್ತು. ಗಂಡಸರು ತೊಡುತ್ತಿದ್ದದ್ದು ದನದ ಚರ್ಮದ ಮೆಟ್ಟು. ಅವರು ಕಟ್ಟುತ್ತಿದ್ದ ಉದ್ದ ದೋಣಿಗಳು ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆ ಬಿಗಿದು ಬಣ್ಣ ಬಳಿದಂಥವು. ಅಂಥ ದೋಣಿಯಲ್ಲಿ ಮೊಟ್ಟೆಗೂ ಹಕ್ಕಿಯ ಕೊಬ್ಬಿಗೂ ನೈಟಿಂಗೇಲ್ ದ್ವೀಪಕ್ಕೆ ಹೋದವರು ಗಾಳಿ ತಿರುಗಿದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಆಗ ಊರೆಲ್ಲ ಕಡಲ ಕಡೆ ಮುಖ ಮಾಡಿ ಕೂರುತ್ತಿತ್ತು. ಅಂಥ ರಾತ್ರಿಗಳಲ್ಲಿ ಪಾದ್ರಿಯ ಮನೆಯ ದೀಪವೂ ಆರುತ್ತಿರಲಿಲ್ಲ ಎಂದು ಊಹಿಸಲು ಕಷ್ಟವಿಲ್ಲ.

ಕಾಯಿಲೆಯೆಂದರೆ ಮೊದಲು ಉಬ್ಬಸ. ಮೊದಲ ನೆಲೆಸಿಗರಲ್ಲೇ ಕೆಲವರಿಗಿದ್ದ ಅದು ವಂಶದಿಂದ ವಂಶಕ್ಕೆ ಹರಿದು ಬಂದಿತ್ತು. ವೈದ್ಯರಿಲ್ಲ. ತಂದ ಔಷಧದ ಪೆಟ್ಟಿಗೆ, ಬಿಸಿನೀರು, ಪಕ್ಕದಲ್ಲಿ ಒಬ್ಬರು ಕುಳಿತಿದ್ದಾರೆಂಬ ಧೈರ್ಯ, ಇಷ್ಟೇ ಚಿಕಿತ್ಸೆ. ಉಸಿರಿಗೆ ಒದ್ದಾಡುವವರ ಪಕ್ಕ ಇರುಳಿಡೀ ಕುಳಿತವರಿಗೆ ಗೊತ್ತು, ಆ ಮೂರನೆಯದು ಸಣ್ಣದಲ್ಲ.

ಹದಿನೈದು ಜನ ಹಿಂದಿರುಗದ ದಿನ

ಬಾರೋ ಅವರಿಗಿಂತ ಮೊದಲು ಬಂದಿದ್ದ ಎಡ್ವಿನ್ ಡಾಡ್ಜ್‌ಸನ್ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬರೆದ ಲೂಯಿಸ್ ಕ್ಯಾರಲ್ ಅವರ ಕಿರಿಯ ತಮ್ಮ. 1881ರಲ್ಲಿ ಅವರು ಬಂದ ಹಡಗು ದಡದಲ್ಲೇ ಒಡೆದು ತಂದ ಸಾಮಾನೆಲ್ಲ ಹೆಚ್ಚುಕಡಿಮೆ ನೀರುಪಾಲಾಯಿತು. ಬರಿಗೈಯಲ್ಲಿ ಕೆಲಸ ಶುರುಮಾಡಿ 1884ರ ಕೊನೆಗೆ ಅವರು ಹಿಂದಿರುಗಿದರು.

ಮರುವರ್ಷ, 1885ರ ನವೆಂಬರ್ 28ರಂದು ‘ವೆಸ್ಟ್ ರೈಡಿಂಗ್’ ಎಂಬ ಹಡಗು ಕಂಡಿತು. ಇಲಿಕಾಟದಿಂದ ಬೆಳೆ ಕೆಟ್ಟಿತ್ತು, ಮನೆಗಳಲ್ಲಿ ಕೊರತೆಯಿತ್ತು. ಆಹಾರ ವಿನಿಮಯ ಮಾಡಿಕೊಳ್ಳಲು ಹದಿನೈದು ಗಂಡಸರು ದೋಣಿಯೇರಿ ಹೊರಟರು. ಒಬ್ಬರೂ ಹಿಂದಿರುಗಲಿಲ್ಲ. ನೂರರ ಆಸುಪಾಸಿನಷ್ಟೇ ಜನರಿದ್ದ ಊರಿನಿಂದ ದುಡಿಯುವ ಹದಿನೈದು ಜನ ಒಂದೇ ಹಗಲಿನಲ್ಲಿ ಹೋದರು. ಗಂಡನನ್ನು, ಮಗನನ್ನು, ಅಣ್ಣತಮ್ಮಂದಿರನ್ನು ಕಳೆದುಕೊಳ್ಳದ ಮನೆ ಇರಲಿಲ್ಲ.

ಸುದ್ದಿ ತಿಳಿದ ಡಾಡ್ಜ್‌ಸನ್ 1886ರಲ್ಲಿ ಮತ್ತೆ ದ್ವೀಪಕ್ಕೆ ಹೋದರು. ವಿಧವೆಯರ ಊರಿನಲ್ಲಿ ಮೂರು ವರ್ಷ ಇದ್ದರು. ಒಮ್ಮೆ ಎಲ್ಲವನ್ನೂ ಕಳೆದುಕೊಂಡ ದಡಕ್ಕೆ, ಆರಾಮವಾಗಿ ಇಂಗ್ಲೆಂಡಿನಲ್ಲಿ ಇರಬಹುದಾಗಿದ್ದವರು, ದುಃಖವಿದೆ ಎಂಬ ಒಂದೇ ಕಾರಣಕ್ಕೆ ಮರಳಿದರು. ಆ ಎರಡನೆಯ ಪ್ರಯಾಣವನ್ನು ಅವರ ಬದುಕಿನ ಅತಿ ದೊಡ್ಡ ಪ್ರಸಂಗವೆಂದು ನಾನು ಎಣಿಸುತ್ತೇನೆ.

ಹಡಗಿನ ಮರದಿಂದ ಎದ್ದ ಚರ್ಚು

1909ರಲ್ಲಿ ಬಾರೋ ದಂಪತಿ ಹೋದ ಮೇಲೆ ಮತ್ತೆ ಹದಿಮೂರು ವರ್ಷ ಖಾಲಿ. ಸೂಯೆಜ್ ಕಾಲುವೆ, ಉಗಿಹಡಗು ಬಂದ ಮೇಲೆ ಈ ದಾರಿಯ ಹಾಯಿಹಡಗುಗಳೇ ಮಾಯವಾಗಿದ್ದವು, ತಿಮಿಂಗಿಲ ಬೇಟೆ ಇಳಿದಿತ್ತು. ಮೊದಲ ಮಹಾಯುದ್ಧ ಮುಗಿದ ಸುದ್ದಿ ದ್ವೀಪಕ್ಕೆ ಮುಟ್ಟಿದ್ದು 1919ರಲ್ಲಿ, ನೌಕಾದಳದ ಹಡಗೊಂದು ಬಂದಾಗ.

1922ರ ಏಪ್ರಿಲ್‌ನಲ್ಲಿ ರೆವರೆಂಡ್ ಹೆನ್ರಿ ಮಾರ್ಟಿನ್ ರೋಜರ್ಸ್ ಮತ್ತು ಪತ್ನಿ ರೋಸ್ ಒಂದು ಜಪಾನಿ ಹಡಗಿನಿಂದ ಇಳಿದರು. ಮುಂದಿನ ತಿಂಗಳೇ ಅಂಟಾರ್ಕ್ಟಿಕ ಅನ್ವೇಷಕ ಶಾಕಲ್ಟನ್ ಅವರ ‘ಕ್ವೆಸ್ಟ್’ ಹಡಗು ಬಂತು. ಶಾಕಲ್ಟನ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅದರಲ್ಲಿದ್ದ ಜೇಮ್ಸ್ ಮಾರ್ ಎಂಬ ಸ್ಕೌಟ್ ಹುಡುಗ ದ್ವೀಪದ ಮಕ್ಕಳ ಸ್ಕೌಟ್ ದಳಕ್ಕೆ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಕಳಿಸಿದ ಬಾವುಟವನ್ನು ತಂದುಕೊಟ್ಟ.

1923ರಲ್ಲಿ ಊರವರೆಲ್ಲ ಸೇರಿ ಸೇಂಟ್ ಮೇರಿ ಚರ್ಚು ಕಟ್ಟಿದರು. ಕಲ್ಲು ಬೆಟ್ಟದ್ದು, ಮರ ಕಡಲು ಕೊಟ್ಟದ್ದು. ನೂರು ವರ್ಷ ಅವರಿವರ ಮನೆಯ ಕೋಣೆಗಳಲ್ಲಿ ನಡೆದ ಆರಾಧನೆಗೆ ಕೊನೆಗೂ ತನ್ನದೇ ಸೂರು ಸಿಕ್ಕಿತು. 1925ರಲ್ಲಿ ರೋಜರ್ಸ್ ದಂಪತಿ ಹೊರಟರು. ಅದಾಗಿ ಸ್ವಲ್ಪ ಕಾಲಕ್ಕೇ ರೋಜರ್ಸ್ ಕಣ್ಣುಮುಚ್ಚಿದರು. ರೋಸ್ ಅವರ ‘ದಿ ಲೋನ್ಲಿ ಐಲ್ಯಾಂಡ್’ ಪ್ರಕಟವಾಗುವ ಹೊತ್ತಿಗೆ ಆಕೆ ವಿಧವೆ.

ಅದೇ ಊರಿನಲ್ಲಿ ಇನ್ನೊಂದು ಸಣ್ಣ ದೀಪವೂ ಉರಿಯುತ್ತಿತ್ತು. ಬಾರೋ ದಂಪತಿ ಇದ್ದಾಗಲೇ, 1908ರಲ್ಲಿ, ದ್ವೀಪದ ಸೊಸೆಯಾಗಿ ಬಂದ ಐರಿಷ್ ಹೆಂಗಸು ಆಗ್ನೆಸ್ ರೋಜರ್ಸ್ ಕ್ಯಾಥೊಲಿಕರು. ಅವರ ಸಭೆಯ ಗುರುಗಳು ಅಲ್ಲಿಗೆ ಬರಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಆಕೆ ಮನೆಯಲ್ಲೇ ಜಪ, ಪ್ರಾರ್ಥನೆ ನಡೆಸಿ ಮಕ್ಕಳಿಗೆ ದಾಟಿಸಿದರು. ಇಂದು ಅಲ್ಲಿರುವ ಸೇಂಟ್ ಜೋಸೆಫ್ ಇಗರ್ಜಿಯ ಬೇರು ಆ ಒಬ್ಬ ತಾಯಿಯ ಜಪಮಣಿಯಲ್ಲಿದೆ.

ಹೋಗಿಬಿಡಿ ಎಂದವರು, ಇರುತ್ತೇವೆ ಎಂದವರು

ಈ ಮಿಷನರಿಗಳ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಪ್ರೀತಿ ಬಹುಸಲ ಒಂದೇ ತೀರ್ಮಾನಕ್ಕೆ ಬಂದು ನಿಲ್ಲುತ್ತಿತ್ತು: ಇಲ್ಲಿ ಬಾಳುವುದು ಕಷ್ಟ, ನಿಮ್ಮ ಮಕ್ಕಳಿಗೆ ಭವಿಷ್ಯವಿಲ್ಲ, ಎಲ್ಲರೂ ಹೊರಟುಬಿಡಿ. 1856ರಲ್ಲಿ ದ್ವೀಪಕ್ಕೆ ಬಂದ ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ ಅವರಿಗೂ ಹಾಗೆಯೇ ಅನ್ನಿಸಿತು. 1857ರ ಆರಂಭದಲ್ಲಿ ಟೇಲರ್ 45 ಜನರನ್ನು ಕರೆದುಕೊಂಡು ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೊರಟರು. ಕೆಲವು ಕುಟುಂಬಗಳು ಉಳಿದವು. 1885ರ ದುರಂತದ ನಂತರ ಮತ್ತೆ ಅದೇ ಮಾತು. ಬಾರೋ ಅವರ ಕಾಲದಲ್ಲಿ ಕೇಪ್ ಸರ್ಕಾರದಿಂದ ಮತ್ತೆ ಅದೇ ಆಹ್ವಾನ. ಬಹುಪಾಲು ಜನ ಒಲ್ಲೆವೆಂದರು.

ಹೊರಗಿನವರಿಗೆ ಕಂಡದ್ದು ಕೊರತೆ. ಒಳಗಿನವರಿಗೆ ಗೊತ್ತಿದ್ದದ್ದು ಬಾಳು. ಎರಡೂ ಸುಳ್ಳಲ್ಲ. ಆದರೆ ಯಾರ ಮಾತು ಗೆಲ್ಲಬೇಕೆಂಬುದಕ್ಕೆ 1961 ಉತ್ತರ ಕೊಟ್ಟಿತು. ಆ ಅಕ್ಟೋಬರಿನಲ್ಲಿ ಊರಿನ ಪಕ್ಕದಲ್ಲೇ ಜ್ವಾಲಾಮುಖಿ ಸಿಡಿಯಿತು. ಎಲ್ಲರನ್ನೂ, ಇನ್ನೂರ ಅರವತ್ತಕ್ಕೂ ಹೆಚ್ಚು ಜನರನ್ನು, ಇಂಗ್ಲೆಂಡಿಗೆ ಕರೆದೊಯ್ದರು. ವಿದ್ಯುತ್ತು, ಅಂಗಡಿ, ಆಸ್ಪತ್ರೆ, ಸಂಬಳದ ಕೆಲಸ, ಎಲ್ಲವನ್ನೂ ಕಂಡು, ಉಂಡು, ಅನುಭವಿಸಿದ ಮೇಲೆ 1962ರ ಕೊನೆಯಲ್ಲಿ ಮತ ಹಾಕಿದರು. ಮರಳಬೇಕು ಎಂದವರು 148, ಬೇಡ ಎಂದವರು 5. 1963ರಲ್ಲಿ ಊರು ಊರಿಗೆ ಮರಳಿತು. ಲಾವಾ ಏಡಿಸಿಗಡಿಯ ಕಾರ್ಖಾನೆಯನ್ನೂ ದೋಣಿ ಇಳಿಸುವ ದಡವನ್ನೂ ನುಂಗಿತ್ತು. ಮನೆಗಳು, ಸೇಂಟ್ ಮೇರಿ ಚರ್ಚು ನಿಂತಿದ್ದವು.

ಲೆಕ್ಕ ಹಾಕಿದಾಗ

ಟೇಲರ್ ಬಂದ 1851ರಿಂದ ರೋಜರ್ಸ್ ಇಳಿದ 1922ರವರೆಗೆ ಎಪ್ಪತ್ತೊಂದು ವರ್ಷ. ಟೇಲರ್, ಡಾಡ್ಜ್‌ಸನ್, ಬಾರೋ ಮೂವರೂ ಅಲ್ಲಿದ್ದ ಅವಧಿಯನ್ನು ಕೂಡಿಸಿದರೆ ಹೆಚ್ಚುಕಡಿಮೆ ಹದಿನಾರು ವರ್ಷವಾಗುತ್ತದೆ, ಅಷ್ಟೆ. ಉಳಿದ ಐವತ್ತೈದು ವರ್ಷ ಆ ಸಭೆಗೆ ಪಾಲಕರಿರಲಿಲ್ಲ. ಪ್ರಭುಭೋಜನ ನಡೆಸಿಕೊಡುವವರಿಲ್ಲ, ಮದುವೆ ಮಣ್ಣಿಗೆ ಕರೆಯಲು ಗುರುಗಳಿಲ್ಲ. ಆ ಎಲ್ಲ ವರ್ಷಗಳಲ್ಲಿ ಅಕ್ಷರ ಬಲ್ಲ ಯಾರೋ ಒಬ್ಬರು ಪುಸ್ತಕ ತೆರೆದು ಓದಿದರು, ಉಳಿದವರು ಕೇಳಿದರು. ಮಿಷನರಿಗಳು ಪುಸ್ತಕ ಬರೆದರು, ಅವರ ಹೆಸರು ನಮಗೆ ಸಿಗುತ್ತದೆ. ಆ ಐವತ್ತೈದು ವರ್ಷ ಓದಿದವರ ಹೆಸರು ಹೆಚ್ಚೂಕಡಿಮೆ ಆ ದ್ವೀಪದ ಸಮಾಧಿಗಳಲ್ಲಷ್ಟೇ ಇದೆ.

ಹಾಗೆಂದು ಹೋದವರ ಬೆಲೆ ಇಳಿಯುವುದಿಲ್ಲ. ಬಾರೋ ಕಲಿಸಿದ ಮಕ್ಕಳೇ ಮುಂದಿನ ಹದಿಮೂರು ವರ್ಷ ಪುಸ್ತಕ ತೆರೆಯಬಲ್ಲವರಾದರು. ಡಾಡ್ಜ್‌ಸನ್ ಕಾಲದಲ್ಲಿ ಕಲಿತವರು ಅದಕ್ಕೂ ಹಿಂದಿನ ಹದಿನೇಳು ವರ್ಷ ಸಾಗಿಸಿದ್ದರು. ತಾವು ಹೋದ ಮೇಲೂ ನಡೆಯಬೇಕಾದದ್ದಕ್ಕೆ ಬತ್ತಿ ಹೊಸೆದುಕೊಟ್ಟವರು ಅವರು. ಎಣ್ಣೆ ಊರಿನದೇ.

ಇಂದು ಅಲ್ಲಿ ವೈದ್ಯರಿದ್ದಾರೆ, ಶಾಲೆಯಿದೆ, ಇಂಟರ್ನೆಟ್ ಇದೆ. ವಿಮಾನ ನಿಲ್ದಾಣವಿಲ್ಲ, ಕೇಪ್‌ಟೌನಿನಿಂದ ಹಡಗಿನಲ್ಲಿ ಹೆಚ್ಚುಕಡಿಮೆ ಒಂದು ವಾರದ ದಾರಿ. ಕಾಯಂ ಪಾದ್ರಿ ಇಲ್ಲದ ಕಾಲ ಈಗಲೂ ಬರುತ್ತದೆ. ಆಗ ಭಾನುವಾರ ಬೆಳಿಗ್ಗೆ ಸೇಂಟ್ ಮೇರಿ ಚರ್ಚಿನಲ್ಲಿ ದ್ವೀಪದವರೇ ಒಬ್ಬರು ಎದ್ದು ನಿಂತು ಪ್ರಾರ್ಥನೆ ಓದುತ್ತಾರೆ. ಕಾರ್ಪೊರಲ್ ಗ್ಲಾಸ್ ಓದುತ್ತಿದ್ದ ಹಾಗೆ.